ನಾಲಿಗೆಯಡಿಯ ತೆಳು ಹಾಳೆ

ಈ ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷರೇ, ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಮುಖ್ಯ ವೈದ್ಯರೇ, ಡ್ಯೂಟಿ ಬದಲಾಯಿಸಿಕೊಂಡು ಓಡಿ ಬಂದಿರುವ ನರ್ಸುಗಳೇ, ಸಭಿಕರೇ,

ಮಾನಸಿಕ ರೋಗಿಗಳ ವಾರ್ಡಿನಲ್ಲಿ ಮೂವತ್ತೊಂದು ವರ್ಷ ನಿಂತುಕೊಂಡೇ, ಬೇರೆಯವರಿಗೆ ‘ಕೂತ್ಕೊಳ್ಳಿ, ಕೂತ್ಕೊಳ್ಳಿ’ ಎಂದವಳು ನಾನು. ಇವತ್ತು ನಿವೃತ್ತಿಯ ನೆಪದಲ್ಲಿ ನನ್ನನ್ನೇ ಈ ದೊಡ್ಡ ಕುರ್ಚಿಯಲ್ಲಿ ಒಂದು ಗಂಟೆ ಕೂರಿಸಿದಿರಿ. ಅಭ್ಯಾಸವಿಲ್ಲದೆ ಸೊಂಟ ಹಿಡಿದುಕೊಂಡಿದೆ.

ನನಗಿಂತ ಮುಂಚೆ ಮಾತನಾಡಿದವರೆಲ್ಲ ಒಂದೇ ಮಾತು ಹೇಳಿದರು: ಈಕೆ ಮುಖ್ಯ ನರ್ಸ್ ಆದ ಮೇಲೆ ವಾರ್ಡಿನಲ್ಲಿ ಸದ್ದಿಲ್ಲ. ನಿಜ. ಮೊದಲೆಲ್ಲ ಯಾರಾದರೂ ಕೆರಳಿದರೆ ನಾಲ್ಕು ಜನ ಅದುಮಿ ಹಿಡಿದು ಸೂಜಿ ಚುಚ್ಚುತ್ತಿದ್ದೆವು. ಆಮೇಲೆ ಬಂತು ಉಗುರಿನಷ್ಟಗಲದ ಒಂದು ತೆಳು ಹಾಳೆ, ಬಾಯಲ್ಲೇ ಕರಗಿ ಮಂಪರು ತರಿಸುವ ಔಷಧ. ರೋಗಿಯೇ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಅಗಿಯಬಾರದು, ನುಂಗಬಾರದು, ನೀರು ಕುಡಿಯಬಾರದು. ಅದು ಕರಗುವವರೆಗೆ ನಾನು ಎದುರಿಗೆ ನಿಂತು ಕಾಯುತ್ತಿದ್ದೆ. ಕೊನೆಗೆ ‘ನಾಲಿಗೆ ಎತ್ತಿ ತೋರ್ಸಿ’ ಎನ್ನುತ್ತಿದ್ದೆ. ಎಳೆದಾಟವಿಲ್ಲ, ಹಗ್ಗವಿಲ್ಲ, ಕೂಗಾಟವಿಲ್ಲ. ಅದಕ್ಕಿಂತ ದೊಡ್ಡ ಪುಣ್ಯ ಬೇರೇನಿದೆ ಹೇಳಿ?

ಆದರೆ ನಿಶ್ಶಬ್ದವೂ ಒಂದು ಚಟ, ಸಭಿಕರೇ. ಮೊದಲು ಬಾಗಿಲು ಒದ್ದವರಿಗೆ ಕೊಟ್ಟೆ. ಆಮೇಲೆ ದನಿ ಏರಿಸಿದವರಿಗೆ. ಆಮೇಲೆ ಜೋರಾಗಿ ನಕ್ಕವರಿಗೂ. ಡಾಕ್ಟರ ಸಹಿ ಬೇಡವೇ? ‘ಕೆರಳಿದ್ದಾರೆ’ ಎಂದು ನಾನು ಹೇಳಿದರೆ ಸಾಕು, ಸಹಿ ಬೀಳುತ್ತಿತ್ತು. ನನ್ನ ಮಾತಿನ ಮೇಲೆ ಅಷ್ಟು ನಂಬಿಕೆ. ಕಿಟಕಿಯ ಬಳಿ ಅಳುತ್ತಿದ್ದ ಒಬ್ಬ ದರ್ಜಿ, ಹಾಳೆಯನ್ನು ಬೆರಳಲ್ಲಿ ಹಿಡಿದು ಕೇಳಿದರು, ‘ಸಿಸ್ಟರ್, ನಂಗೆ ಸಿಟ್ಟು ಬಂದಿಲ್ಲ, ದುಃಖ ಬಂದಿದೆ. ಅದಕ್ಕೂ ಇದೇನಾ?’ ‘ಇದೇ, ಇಟ್ಕೊಳ್ಳಿ’ ಎಂದೆ. ಇಟ್ಟುಕೊಂಡರು. ಆ ಮಧ್ಯಾಹ್ನ ಇಪ್ಪತ್ತೆರಡು ಜನರಿದ್ದ ವಾರ್ಡಿನಲ್ಲಿ ಗೋಡೆ ಗಡಿಯಾರವೊಂದೇ ಕೇಳಿಸುತ್ತಿತ್ತು.

ಇದನ್ನೆಲ್ಲ ಹೇಳಲು ಬಂದವಳಲ್ಲ ನಾನು. ಬರೆದುಕೊಂಡು ಬಂದ ಚೀಟಿಯಲ್ಲಿ ಕ್ಯಾಂಟೀನಿನ ಬಗ್ಗೆ ಒಂದು ತಮಾಷೆ ಇದೆ, ಅಷ್ಟೇ. ಆದರೆ ಮೊದಲ ಸಾಲಿನಲ್ಲಿ ಹಸಿರು ಸ್ವೆಟರ್ ಹಾಕಿಕೊಂಡು ನನ್ನ ಅಕ್ಕ ಕೂತಿದ್ದಾಳೆ. ‘ಎಷ್ಟು ಶಾಂತ ಸ್ವಭಾವ ನಿಮ್ಮ ಅಕ್ಕಂದು!’ ಎಂದು ಬಾಗಿಲಲ್ಲೇ ಮೂವರು ಹೊಗಳಿದರು. ಅಕ್ಕನಿಗೂ ಮಾನಸಿಕ ಕಾಯಿಲೆ. ಅವಳಿಗೂ ಇದೇ ಹಾಳೆ. ತೀರಾ ಕೆರಳಿದಾಗ ಮಾತ್ರ ಎಂದು ಬರೆದುಕೊಟ್ಟದ್ದು. ನಾನು ದಿನಾ ಕೊಟ್ಟೆ, ಡ್ಯೂಟಿಗೆ ಹೊರಡುವ ಮುಂಚೆ. ಪಕ್ಕದ ಮನೆಯವರ ದೂರು ಬರಬಾರದಲ್ಲ? ಸಾಲದಿದ್ದಾಗ ವಾರ್ಡಿನದನ್ನೇ ಒಯ್ದೆ. ‘ರೋಗಿ ಉಗುಳಿಬಿಟ್ಟರು’ ಎಂದು ನಾನು ವಾರ್ಡಿನ ಲೆಕ್ಕದಲ್ಲಿ ತೋರಿಸಿದ ಔಷಧದ ಹಾಳೆಗಳೆಲ್ಲ ನಮ್ಮ ಮನೆಗೆ ಹೋಗಿವೆ, ಅಧ್ಯಕ್ಷರೇ.

ಇವತ್ತು ಬೆಳಿಗ್ಗೆ ಅವಳ ತಲೆ ಬಾಚುತ್ತಾ, ‘ಅಕ್ಕಾ, ನಾಳೆಯಿಂದ ನಾನು ದಿನಪೂರ್ತಿ ಮನೇಲೇ ಇರ್ತೀನಿ’ ಎಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ನಿಧಾನಕ್ಕೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು. ನಾನಿನ್ನೂ ಏನನ್ನೂ ಕೊಟ್ಟಿರಲಿಲ್ಲ.

ನನಗೆ ಭಯವಾಯಿತು. ರೋಗಿಗಳ ಭಯ ನನಗೆಂದೂ ಇರಲಿಲ್ಲ. ಇದು ನನ್ನ ಬಗ್ಗೆ ನನಗೇ ಆದ ಭಯ. ನಾಳೆಯಿಂದ ಆ ಮನೆಯಲ್ಲಿ ನಾವಿಬ್ಬರೇ. ಇವತ್ತು ಅವಳಿಗೆ ಕೊಡಲಿಲ್ಲ. ಆದರೂ ನೋಡಿ, ಹೇಗೆ ಸುಮ್ಮನೆ ಕೂತಿದ್ದಾಳೆ.

ಡಾಕ್ಟ್ರೇ, ಈ ಡಬ್ಬಿ ತೆಗೆದುಕೊಳ್ಳಿ. ಮನೆಗೆ ಒಯ್ದ ಹಾಳೆಗಳಲ್ಲಿ ಹನ್ನೊಂದು ಉಳಿದಿವೆ. ನನ್ನ ಮೇಲೆ ಏನು ಕ್ರಮ ಬೇಕೋ ಜರುಗಿಸಿ. ಅಕ್ಕನ ಔಷಧ ಇನ್ನು ನಿಮ್ಮ ಜವಾಬ್ದಾರಿ; ನನ್ನ ಕೈಗೆ ಕೊಡಬೇಡಿ.

ಸಭಿಕರೇ, ನಿಮ್ಮಲ್ಲಿ ಒಂದೇ ಕೋರಿಕೆ. ಜೋರಾಗಿ ಚಪ್ಪಾಳೆ ಹೊಡೆಯಿರಿ. ಅಕ್ಕ ಬೆಚ್ಚಿಬೀಳಬಹುದು, ಎದ್ದು ಕೂಗಬಹುದು, ನನ್ನನ್ನು ಬಾಯಿಗೆ ಬಂದಂತೆ ಬೈಯಬಹುದು. ಯಾರೂ ಅವಳನ್ನು ಹಿಡಿಯಬೇಡಿ, ಬಾಯಿ ಮುಚ್ಚಿಸಬೇಡಿ. ಅವಳ ದನಿ ಕೇಳಿ ಆರು ವರ್ಷವಾಯಿತು. ಅದು ಹೇಗಿತ್ತೆಂಬುದೇ ನನಗೆ ಮರೆತುಹೋಗಿದೆ.

ಕರೆದದ್ದಕ್ಕೆ, ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ, ನಿಮಗೆಲ್ಲ ನನ್ನ ವಂದನೆಗಳು. ನಮಸ್ಕಾರ.

ಹೊಡೆಯಿರಿ ಚಪ್ಪಾಳೆ. ಯಾಕೆ ಎಲ್ಲರೂ ಹೀಗೆ ಸುಮ್ಮನಿದ್ದೀರಿ?