ಆರನೇ ರೀಲು

ಅಲ್ಲ ಭಾವ, ಯಾಕೆ ನಗ್ತೀರಿ? ನಾನು ಹೇಳಿದ್ದರಲ್ಲಿ ಸುಳ್ಳೇನಿದೆ? ಮೂವತ್ತೊಂದು ವರ್ಷದ ಮೇಲೆ, ಅದೇ ನಮ್ಮ ಟಾಕೀಸಿನಲ್ಲಿ ಅದೇ ಡೈನೋಸಾರ್ ಸಿನಿಮಾ ಈಗ ತಾನೇ ನೋಡಿಕೊಂಡು ಬಂದ್ವಿ. ಜನ ಎಲ್ಲಿ ಕಿರುಚಿದ್ರು ಹೇಳಿ? ಅದೇ ಜಾಗದಲ್ಲಿ! ದೋಣಿ ಕೆಟ್ಟು ನಿಂತಿದೆ, ದಡದಲ್ಲಿ ಒಂದೆಲೆ ಅಲುಗಾಡಲ್ಲ, ಬಂಡೆ ಅಂದುಕೊಂಡಿದ್ದು ಮೆಲ್ಲಗೆ ಕಣ್ಣು ಬಿಡುತ್ತೆ... ಅಯ್ಯಯ್ಯಯ್ಯೋ! ಹಿಂದೆ ಕೂತಿದ್ದ ಹುಡುಗಿ ಪಾಪ್‌ಕಾರ್ನ್ ಪೂರ್ತಿ ನನ್ನ ತಲೆ ಮೇಲೆ ಸುರಿದಳು. ಆವತ್ತು ಹುಟ್ಟೇ ಇರದ ಮಕ್ಕಳು! ಫೋನಿನಲ್ಲಿ ದಿನಾ ಇದಕ್ಕಿಂತ ಘೋರವಾದ್ದನ್ನು ನೋಡ್ತಾವೆ. ಆದರೂ ಕಿರುಚಿದವಲ್ಲ!

ಅದಕ್ಕೇ ಹೇಳೋದು. ಈಗ ನಮ್ಮ ಥರ ರೀಲು ಓಡಿಸೋ ಆಪರೇಟರ್ ಅನ್ನೋ ಪ್ರಾಣಿಯೇ ಇಲ್ಲ. ಕ್ಯಾಬಿನ್ನಿನಲ್ಲಿ ಒಂದು ಕಂಪ್ಯೂಟರು, ಅದರ ಮೇಲೆ ಯಾರದೋ ಹೆಲ್ಮೆಟ್ಟು. ಆದರೂ ಕಿರುಚಿದ್ರು ಅಂದ ಮೇಲೆ ಏನರ್ಥ? ಹಾಂ? ತಾಕತ್ತು ಸಿನಿಮಾದ್ದು! ನಿಮ್ಮ ಕೈಯದಲ್ಲ!... ಬೇಜಾರು ಮಾಡಿಕೋಬೇಡಿ, ತಮಾಷೆಗೆ ಹೇಳಿದೆ. ತಮಾಷೆಗಲ್ಲ, ನಿಜವಾಗಿಯೇ ಹೇಳಿದೆ. ಬೇಜಾರು ಮಾತ್ರ ಮಾಡಿಕೋಬೇಡಿ. ಅಕ್ಕಾ, ನಿನ್ನ ಗಂಡ ಮುಖ ಊದಿಸ್ಕೊಂಡು ಕೂತಿದ್ದಾರೆ, ಕಾಫಿ ಆಯ್ತಾ?

ನೋಡಿ, ನಾನು ಡಿಗ್ರಿ ಮಾಡಿದವನು. ಬೆಳಕು, ಮಸೂರ, ಶಬ್ದ ಎಲ್ಲವನ್ನೂ ಪುಸ್ತಕದಲ್ಲಿ ಓದಿ ಆ ಕ್ಯಾಬಿನ್ ಮೆಟ್ಟಿಲು ಹತ್ತಿದವನು. ಹತ್ತಿಸಿದ್ದು ನೀವೇ, ಒಪ್ಪಿಕೊಂಡೆ. ಆದರೆ ನಿಮ್ಮ ಓದು ಎಷ್ಟು? ಏಳನೇ ಕ್ಲಾಸು! ಮ್ಯಾಟಿನಿ ನಿಮ್ಮದು, ಸಂಜೆ ಆಟ ನನ್ನದು. ಅದೇ ಮಷೀನು, ಅದೇ ರೀಲುಗಳು. ನಿಮ್ಮ ಆಟದಲ್ಲಿ ಛಾವಣಿ ಹಾರಿ ಹೋಗೋ ಹಾಗೆ ಕಿರುಚಾಟ. ನನ್ನ ಆಟದಲ್ಲಿ... ಯಾರೋ ಒಬ್ಬರು ಕೆಮ್ಮಿದ್ರು. ಟಿಕೆಟ್ ಕಿಟಕಿಯಲ್ಲಿ ಕೇಳೋರು, 'ಇವತ್ತು ಮೀಸೆಯವರ ಕೈಯಾ? ಹಾಗಾದ್ರೆ ನಾಲ್ಕು ಕೊಡಿ.' ನನ್ನ ಸ್ವಂತ ಹೆಂಡತಿ, ಭಾವ! ಮೂರು ಸಲ ನೋಡಿದಳು, ಮೂರೂ ಮ್ಯಾಟಿನಿ. 'ಸಂಜೆ ನನ್ನ ಆಟಕ್ಕೆ ಬಾರೆ' ಅಂದ್ರೆ, 'ಸಂಜೆ ಹೊತ್ತು ಅದು ಹಲ್ಲಿ ಥರ ಕಾಣುತ್ತೆ ರೀ' ಅಂತಾಳೆ. ಹಲ್ಲಿ! ನಗಿ, ನಗಿ. ಆವತ್ತು ನನಗೆ ಊಟ ಸೇರಲಿಲ್ಲ.

ಗುಟ್ಟು ಏನು ಅಂತ ಬಾಗಿಲ ಸಂದಿಯಿಂದ ಕದ್ದು ನೋಡಿದೆ. ಹೌದು, ಕದ್ದೇ. ಬಂಡೆ ಕಣ್ಣು ಬಿಡೋಕೆ ಹತ್ತು ಸೆಕೆಂಡ್ ಮುಂಚೆ ಸೌಂಡಿನ ತಿರುಪು ಮೆಲ್ಲಗೆ ಇಳಿಸ್ತಿದ್ರಿ. ಇಡೀ ಹಾಲು ಕಿವಿ ನಿಮಿರಿಸಿಕೊಂಡು ಕೂರೋದು. ಆಮೇಲೆ ಒಂದೇ ಏಟಿಗೆ... ಅಬ್ಬಬ್ಬ! ಮಾರನೇ ದಿನ ನಾನೂ ಮಾಡಿದೆ. ಗಡಿಯಾರ ಹಿಡಿದು, ಕರಾರುವಾಕ್ಕಾಗಿ ಹತ್ತು ಸೆಕೆಂಡ್. 'ಸೌಂಡ್! ಸೌಂಡ್!' ಅಂತ ಸೀಟು ಬಡಿದು ಕೂಗಿದ್ರು.

ಇವತ್ತೂ ಅಷ್ಟೆ. ಪರದೆಗಿಂತ ಹೆಚ್ಚು ನಿಮ್ಮನ್ನೇ ನೋಡ್ತಿದ್ದೆ. ಆ ಜಾಗ ಬಂತು. ಸೀಟಿನ ಕೈ ಮೇಲೆ ನಿಮ್ಮ ಎರಡು ಬೆರಳು, ಮೆಲ್ಲಗೆ, ಹೀಗೆ... ಇಲ್ಲ ಅನ್ನಬೇಡಿ, ಕಂಡೆ! ನೀವು ತಿರುಗಿಸಿದ್ರಿ, ಅವರು ಕಿರುಚಿದ್ರು. ಈ ವಯಸ್ಸಿನಲ್ಲಿ ನನ್ನ ಹೊಟ್ಟೆಗೆ ಕೆಂಡ ಬಿದ್ದ ಹಾಗಾಯ್ತು, ಭಾವ.

ಯಾಕೆ ತಲೆ ತಗ್ಗಿಸಿದ್ರಿ? ನೂರನೇ ದಿನ ನೆನಪಾಯ್ತಾ? ಬಿಡಿ ಅತ್ಲಾಗೆ. ಮಾಲೀಕರು, ಅವರ ಬೀಗರು, ದೊಡ್ಡ ಮನುಷ್ಯರೆಲ್ಲ ಬಾಲ್ಕನಿಯಲ್ಲಿ ಕೂತಿರೋವಾಗಲೇ ಆರನೇ ರೀಲು ಬರೋ ಕಡೆ ಏಳನೇದು ಬರಬೇಕಾ! ಹಳ್ಳಕ್ಕೆ ಬಿದ್ದು ಸತ್ತ ಪ್ರಾಣಿ, ಮುಂದಿನ ರೀಲಿನಲ್ಲಿ ಬಂಡೆ ಥರ ಮಲಗಿ ಕಣ್ಣು ಬಿಟ್ಟಿತು. ಜನ ಬಿದ್ದು ಬಿದ್ದು ನಕ್ಕರು. ಅದೇ ಜಾಗದಲ್ಲಿ! ಮಾರನೇ ದಿನ ನಿಮ್ಮ ಕೈಗೆ ಟಾರ್ಚು. ರಿಟೈರ್ ಆಗೋ ತನಕ ಸೀಟು ತೋರಿಸಿದ್ರಿ...

ಕನ್ನಡಕ ಯಾಕೆ ಒರೆಸ್ತೀರಿ? ಗೊತ್ತು, ಗೊತ್ತು. ರೀಲಿನ ಡಬ್ಬದ ನಂಬರು ಓದೋದ್ರಲ್ಲಿ ಕಣ್ಣು ಕೈಕೊಡ್ತು ಅಂತ ಆ ವಾರವೇ ಮಾಡಿಸಿಕೊಂಡಿದ್ದು. ಡಾಕ್ಟರು ಬೇಡ ಅಂದ್ರೂ ಹಟ ಹಿಡಿದು. ಅಕ್ಕ ಆವತ್ತಿಂದ ಸೂಜಿಗೆ ದಾರ ಪೋಣಿಸೋಕೂ ನಿಮ್ಮನ್ನು ಬಿಡಲಿಲ್ಲ. ಅಯ್ಯೋ ಭಾವ, ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ! ನೀವು ಓದಿದ್ದು ಸರಿಯಾಗೇ ಇತ್ತು. ಡಬ್ಬದ ಮೇಲೆ ಆರು ಅಂತಲೇ ಇತ್ತು, ಒಳಗಿದ್ದದ್ದು ಏಳು. ಯಾರಿಗೆ ತಾನೇ ಗೊತ್ತಾಗ್ತಿತ್ತು...

ಯಾಕೆ ಹಾಗೆ ನೋಡ್ತೀರಿ?

ನೀವೇ ಹೇಳಿದ್ರಲ್ಲ ಯಾವಾಗಲೋ. ಇಲ್ವಾ? ಹಾಗಾದ್ರೆ ಡಬ್ಬ ತಂದುಕೊಡ್ತಿದ್ದ ಸೈಕಲ್ಲಿನವನು ಹೇಳಿರಬೇಕು. ಹೌದು, ಅವನೇ... ಅವನಿಗೆ ಹೇಗೆ ಗೊತ್ತಿರುತ್ತೆ? ಅವನು ಮೆಟ್ಟಿಲು ಹತ್ತಿದವನೇ ಅಲ್ಲ.

ಭಾವ, ಬೈಯಿರಿ. 'ಯಾಕೋ' ಅಂತ ಒಂದು ಮಾತು ಕೇಳಿ...

ಒಂದು ಸಲ, ಒಂದೇ ಒಂದು ಸಲ, ನಿಮ್ಮ ಆಟದಲ್ಲೂ ಯಾರೂ ಕಿರುಚದೆ ಇರಲಿ ಅಂತ. ಅಷ್ಟೇ. ಟಾರ್ಚು ಕೊಡ್ತಾರೆ ಅಂತ ನನಗೇನು ಗೊತ್ತು? ಕೊಟ್ಟ ಮೇಲಾದ್ರೂ ಹೇಳಬಹುದಿತ್ತು. ಮ್ಯಾಟಿನಿ ನನಗೆ ಬಂದಿತ್ತು... ಹೇಳಲಿಲ್ಲ.

ಏಳಬೇಡಿ. ಒಳಗೆ ಹೋಗಬೇಡಿ, ಕೂತ್ಕೊಳ್ಳಿ. ಅಕ್ಕನಿಗೆ ನೀವು ಹೇಳೋದು ಬೇಡ.

ಅಕ್ಕಾ... ಕಾಫಿ ಅಲ್ಲೇ ಇರಲಿ. ಒಂದು ನಿಮಿಷ ಬಾ ಇಲ್ಲಿ.