ಕಳ್ಳರಿಗೆ ಬೇಡವಾದ ಮರ

...ಇಲ್ಲ, ಟೀ ಬೇಡ. ಟೀ ಕುಡಿಯೋಕೆ ಬಂದಿಲ್ಲ ಜೆಂಗ್ ಮೇಸ್ತ್ರಿಗಳೇ, ಜಗಳಕ್ಕೆ ಬಂದಿದೀನಿ. ನನ್ನ ಮರ ಕದ್ದಿದೀರಿ. ಗುಡ್ಡದ ಮೇಲಿನ ಫರ್ ಮರ, ಊರಿಗೇ ಕಾಣೋ ಮರ. ಬೆಳಗ್ಗೆ ಎದ್ದು ನೋಡ್ತೀನಿ, ಬುಡ ಮಾತ್ರ ನಿಂತಿದೆ. ಬುಡದ ಮೇಲೆ ಕಳ್ಳರು ಶಾಸ್ತ್ರಕ್ಕೆ ದುಡ್ಡಿಟ್ಟು ಹೋಗೋ ಕೆಂಪು ಪೊಟ್ಟಣ, ಪಕ್ಕದಲ್ಲಿ ಪಟಾಕಿ ಸಿಪ್ಪೆ. ಇನ್ಯಾರ ಕೆಲಸ ಇದು? ಹೊಸ ಸೇತುವೆ ಮೇಲೆ ಕಟ್ಟೋ ಮಾಡಿಗೆ ನೆತ್ತಿ ತೊಲೆ ಬೇಕಾದೋರ ಕೆಲಸ ತಾನೇ?

ಯಾಕೆ ನಗ್ತೀರಿ?

ನಾನೇನು ಶಾಸ್ತ್ರ ಗೊತ್ತಿಲ್ಲದೋನಾ? ನೆತ್ತಿ ತೊಲೆಯ ಮರ ಕೇಳಿ ತರಬಾರದು, ಕದ್ದೇ ತರಬೇಕು. ಕಳಕೊಂಡೋನು ಎಷ್ಟು ಬೈತಾನೋ ಸೇತುವೆಗೆ ಅಷ್ಟು ಆಯಸ್ಸು. ಅದಕ್ಕೇ ಗುಡ್ಡದ ತುದೀಲಿ ನಿಂತು ಬೈದೆ. ನಿಮ್ಮ ಕೈ ಸೇದಿಹೋಗ ಅಂದೆ, ನಿಮ್ಮ ಉಳಿ ಮೊಂಡಾಗ ಅಂದೆ, ನಿಮ್ಮ ತಾತನವರೆಗೂ ಹೋದೆ... ತಪ್ಪು ತಿಳೀಬೇಡಿ. ಗಂಟಲು ನೋಡಿ, ಹೇಗೆ ಕಟ್ಟಿದೆ. ಪ್ರವಾಹಕ್ಕೆ ಕೊಚ್ಚಿಹೋಯ್ತಲ್ಲ ಹಳೇ ಸೇತುವೆ, ಅದಕ್ಕೆ ಈ ಪಾಟಿ ಬೈಗುಳ ಸಿಕ್ಕಿದ್ರೆ ಇವತ್ತಿಗೂ ನಿಂತಿರ್ತಿತ್ತು.

ಏನಂದ್ರಿ? ನೀವು ಕದ್ದಿಲ್ಲವಾ?

ಹಾಗಾದ್ರೆ ನಿಮ್ಮ ಆಳುಗಳು. ಅವರೂ ಅಲ್ಲವಾ? ಎಲ್ಲರೂ ಮಲಗಿದ್ರಾ? ಸರಿ, ಸರಿ. ಕದ್ದೋರು ಕದ್ದಿಲ್ಲ ಅನ್ನೋದು ಲೋಕದಲ್ಲಿ ಇರೋದೇ. ನಾನೇನು ಪಂಚಾಯ್ತಿ ಸೇರಿಸ್ತಿಲ್ಲ. ಕದ್ದ ಮಾಲು ಇಟ್ಕೊಳ್ಳಿ ಅಂತಷ್ಟೇ ಹೇಳ್ತಿರೋದು. ಇಂಥ ಒಳ್ಳೆ ಯಜಮಾನ ನಿಮಗೆಲ್ಲಿ ಸಿಗ್ತಾನೆ?

ತೊಲೆಗೆ ಆ ಡುಮ್ಮ ತಾಂಗನ ಹಿತ್ತಲ ಮರ ಅಂತ ತೀರ್ಮಾನ ಆಗಿದೆ ಅಂತೀರಾ... ಗೊತ್ತು ಬಿಡಿ. ನಾಡಿದ್ದು ಕದೀತೀರಿ ಅಂತ ಅವನ ನಾಯಿಗೂ ಗೊತ್ತು. ಆ ಮಹಾನುಭಾವ ಹೊಲದಲ್ಲಿ ನಿಂತು ಬೈಗುಳ ಅಭ್ಯಾಸ ಮಾಡ್ತಿದಾನೆ, ಹೆಂಡತಿ ತಿದ್ದಿಕೊಡ್ತಾಳೆ. ಕಳ್ಳರಿಗೆ ಅಂತ ಅಕ್ಕಿ ಹೆಂಡ ಬೆಚ್ಚಗೆ ಮಾಡಿ ಇಡ್ತಾರಂತೆ, ಜೊತೆಗೆ ಬಿದಿರು ಕಳಲೆ, ಹಂದಿ ಮಾಂಸ. ಇದು ಕಳ್ಳತನವೋ ಬೀಗರೂಟವೋ? ಅವನ ಮರ ಸರಿಯಾಗಿ ನೋಡಿದೀರಾ? ನಡುವಲ್ಲಿ ಸೊಟ್ಟ. ಅವನ ಹಾಗೇ.

ಆದ್ರೆ ಮನೆ ತುಂಬ ಮಕ್ಕಳು. ಹೆಂಡತಿ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದಾಳೆ. ಅಂಥವರ ಹಿತ್ತಲಲ್ಲಿ ಸೊಟ್ಟ ಮರಾನೂ ನೆಟ್ಟಗೆ ಕಾಣುತ್ತೆ, ಅಲ್ವಾ?

ಮೇಸ್ತ್ರಿಗಳೇ, ಒಂದು ಮಾತು ಕೇಳ್ತೀನಿ. ಹೊಳೇಲಿ ಒಂದು ಕಂಬ ಊರದೆ, ಮರಕ್ಕೆ ಮರ ಹೆಣೆದು, ಆ ದಡದಿಂದ ಈ ದಡಕ್ಕೆ ಕಮಾನು ಎತ್ತಿದಿರಿ. ಕಮಾನಿಗೆ ಒಂದು ಮೊಳೆ ಹೊಡೆದಿಲ್ಲ. ಮೇಲೆ ಮಾಡು ಕೂತು ಭಾರ ಬಿದ್ರೇನೇ ಹೆಣಿಗೆ ಬಿಗಿಯೋದು ಅಂತ ನೀವೇ ಅಂದಿದ್ರಿ. ತೊಲೆ ಯಾರ ಮನೇದು, ಅವನಿಗೆ ಮಕ್ಕಳೆಷ್ಟು ಅಂತ ಆ ಕಮಾನು ಕೇಳುತ್ತಾ?

ತಲೆ ಅಲ್ಲಾಡಿಸಬೇಡಿ. ನನಗೇನು ಹೊಸದಾ ಇದು? ಈ ಗೊಂಗ್‌ಗೆ ಮಕ್ಕಳಿಲ್ಲ, ಹೆಂಡತಿ ಸತ್ತಿದಾಳೆ, ಅವನ ಮನೆ ವಸ್ತು ಶುಭಕ್ಕೆ ಆಗಲ್ಲ ಅಂತಾರೆ. ಮದುವೆ ಮನೇಲಿ ಮದುಮಕ್ಕಳ ಹಾಸಿಗೆ ಹಾಸೋಕೆ ನಾನು ಬೇಡ. ಮಗು ಹುಟ್ಟಿತು ಅಂತ ಕೆಂಪು ಮೊಟ್ಟೆ ಹಂಚೋರು ನಮ್ಮ ಬಾಗಿಲು ಬಂದಾಗ ಬೇಗ ಬೇಗ ಹೆಜ್ಜೆ ಹಾಕ್ತಾರೆ. ಆದ್ರೆ ದಡದ ಅಡಿಪಾಯಕ್ಕೆ ಕಲ್ಲು ಹೊರೋಕೆ ಗೊಂಗಣ್ಣ ಬೇಕು. ಆಗ ಯಾರೂ ನನ್ನ ಸಂಸಾರ ವಿಚಾರಿಸಲಿಲ್ಲ. ಹೊಟ್ಟೆ ಉರಿಯುತ್ತೆ ಮೇಸ್ತ್ರಿಗಳೇ, ಸುಳ್ಳು ಯಾಕೆ ಹೇಳಲಿ.

ಹೋಗಲಿ. ಮರದ ವಿಷಯಕ್ಕೆ ಬರೋಣ. ಒಂದು ಶಾಸ್ತ್ರಾನೂ ತಪ್ಪಿಲ್ಲ, ಬೇಕಾದ್ರೆ ಬಂದು ನೋಡಿ. ಗುಡ್ಡದ ಮೇಲ್ಮುಖಕ್ಕೇ ಬಿದ್ದಿದೆ, ಹೊತ್ತು ತರೋದಷ್ಟೇ ಬಾಕಿ. ಬಿದ್ದ ಮರಾನ ಯಾರೂ ದಾಟಿಲ್ಲ. ನೆಲ ಮುಟ್ಟಬಾರದು ತಾನೇ? ಮುಟ್ಟಿಲ್ಲ. ಬೀಳೋ ಜಾಗಕ್ಕೆ ಮೊದಲೇ ಸೊಪ್ಪು ಹರಡಿ, ಅದರ ಮೇಲೆ ಕೌದಿ ಹಾಸಿ... ಕೆಂಪು ರೇಷ್ಮೆ ಕೌದಿ, ಜೋಡಿ ಬಾತಿನ ಕಸೂತಿ ಇರೋದು. ಒಂದು ಮೂಲೇಲಿ ಇಲಿ ಕಡಿದಿತ್ತು, ಅದು ಕಾಣದ ಹಾಗೆ ಒಳಗೆ ಮಡಿಸಿ...

ಯಾಕೆ ಹುಬ್ಬೇರಿಸ್ತೀರಿ?

ಕಳ್ಳರು ಕೌದಿ ತರಬಾರದಾ? ಈಗಿನ ಕಳ್ಳರು ಎಲ್ಲ ತರ್ತಾರೆ. ನನ್ನ ಕೈ ಯಾಕೆ ನೋಡ್ತಿದೀರಿ? ಗುಳ್ಳೆ ಅದು. ನಿನ್ನೆ ಸೌದೆ ಒಡೆದೆ. ಸೌದೆ ಒಡೆದ್ರೆ ಗುಳ್ಳೆ ಬರಲ್ವಾ?

ಉಳಿ ಯಾಕೆ ಕೆಳಗಿಟ್ರಿ... ನಗೋದಾದ್ರೆ ನಕ್ಕುಬಿಡಿ. ಆಗ್ಲಿಂದ ನಗ್ತಿದ್ರಲ್ಲ, ಈಗೇನಾಯ್ತು?

ಅದು ಮೇಯಿಂಗ್ ತಂದ ಕೌದಿ. ನನ್ನ ಹೆಂಡತಿ. ಮದುವೆ ಕೌದಿ ಅದು. ಆ ಮರಾನೂ ಅವಳೇ ನೆಟ್ಟಿದ್ದು, ಈ ಮನೆಗೆ ಬಂದ ವರ್ಷ. ಸೇತುವೆ ಕಟ್ಟೋ ಕಾಲ ಬಂದಾಗ ನಮ್ಮದನ್ನೂ ಯಾರಾದ್ರೂ ಕದೀತಾರೆ ನೋಡ್ತಿರಿ ಅಂತಿದ್ಲು. ನೀವು ಕೆಲಸ ಶುರು ಮಾಡಿದ್ದೇ ತಡ, ದಾರಿ ಮುಳ್ಳು ಸವರಿದೆ. ನಾಯೀನ ತಂಗಿ ಮನೆಗೆ ಕಳಿಸಿದೆ. ಬೇಲಿ ತಡಿಕೆ ತೆಗೆದಿಟ್ಟು ಜೋರಾಗಿ ಗೊರಕೆ ಹೊಡೆದೆ, ಬಂದೋರಿಗೆ ಧೈರ್ಯ ಇರಲಿ ಅಂತ.

ಒಬ್ಬನೂ ಬರಲಿಲ್ಲ ಮೇಸ್ತ್ರಿಗಳೇ. ಕೊನೆಗೆ ನಾನೇ ಕೊಡಲಿ ಹಿಡಿದು ಹೋದೆ.