ಹಿತ್ತಲ ಬಾಗಿಲು

೧೯೯೪ರ ಒಂದು ಮಧ್ಯಾಹ್ನ. ಪಾಂಡವಪುರದ ಬಸ್ ನಿಲ್ದಾಣದಲ್ಲಿ ಕೂತಿದ್ದ ಚಿಕ್ಕಬೋರಮ್ಮನ ಕಣ್ಣು ರಸ್ತೆಯ ಮೇಲಿದ್ದರೂ ಕಿವಿ ಪಕ್ಕದಲ್ಲಿದ್ದ ಅಕ್ಕ-ತಮ್ಮನ ಮಾತಿಗೆ ಅಂಟಿಕೊಂಡಿತ್ತು. ತಮ್ಮ ಟವೆಲ್ಲಿನ ತುದಿಯಲ್ಲಿ ಬೆಲ್ಲದಚ್ಚು ಕಟ್ಟಿಕೊಂಡಿದ್ದ.

“ಸಂಘದೋರು ಓಡಾಡಿ ನಿನ್ನ ಜೀತ ಬುಡ್ಸವ್ರೆ. ಮತ್ಯಾಕ್ಲಾ ಸೋಮ, ಆ ಗೌಡ್ರ ಮನೆಗೆ ಓಯ್ತಿದ್ದೀಯ?”

“ಗೌಡ್ರನ್ನ ನೋಡಾಕಲ್ಲ ಕನಕ್ಕ. ಕೆಂದೆತ್ತು ಮೇವು ಬುಟ್ಟದಂತೆ.”

“ಎತ್ತು ಅವರ್ದು.”

“ಕರ ಆಗಿದ್ದಾಗ್ನಿಂದ ಸಾಕ್ದೋನು ನಾನು. ಈಗ್ಲೂ ಕೋಳಿ ಕೂಗೋ ಒತ್ಗೆ ಉಲ್ಲು ಆಕ್ಬೇಕು ಅಂತ ಎದ್ಬುಡ್ತೀನಿ. ಎದ್ರೆ, ನಮ್ಮನೇಲಿ ಕೊಟ್ಟಿಗೇನೆ ಇಲ್ಲ.”

ಅಕ್ಕ ಸಡಿಲವಾಗಿದ್ದ ಟವೆಲ್ಲಿನ ಗಂಟನ್ನು ಬಿಗಿ ಮಾಡಿದಳು.

“ಓಗು. ಇತ್ಲು ಬಾಗ್ಲಲ್ಲಿ ಮಾತ್ರ ಓಗ್ಬ್ಯಾಡ. ಜೀತಕ್ಕಿದ್ದಾಗ ನಿಂಗೆ ಅದೊಂದೇ ದಾರಿ. ಈಗ ಮುಂದ್ಲು ಬಾಗ್ಲಲ್ಲಿ ನಿಂತು ಕರಿ.”

“ಎತ್ತು ಇರಾದು ಇತ್ಲಲ್ಲಿ ಕನಕ್ಕ.”

ಚಿನಕುರಳಿ ಬಸ್ಸು ಬಂತು. ತಮ್ಮ ಎದ್ದ. ಬೀಳ್ಕೊಡಲು ಬಂದಿದ್ದ ಅಕ್ಕನೂ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆಯೇ ಹತ್ತಿದಳು.

“ನಡಿ, ನಾನೂ ಬತ್ತೀನಿ. ನೀನು ಇತ್ಲಿಂದ ಓಗಿ ಎತ್ತಿಗೆ ಬೆಲ್ಲ ತಿನ್ಸು. ಮುಂದ್ಲು ಬಾಗ್ಲಲ್ಲಿ ನಾನು ನಿಂತಿರ್ತೀನಿ.”